ಮಣ್ಣಿನ ಏರಿ ಮತ್ತು ಒಡೆತನದ ಧರ್ಮ

(ಉತ್ಥಾನ ದ್ವಾದಶಿಯ ಉಪನ್ಯಾಸ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಚಾತುರ್ಮಾಸ್ಯವು ಮುಗಿದು ಕಾರ್ತಿಕ ಶುದ್ಧ ದ್ವಾದಶಿಯು ಪ್ರಾಪ್ತವಾಗಿದೆ. ನಾಲ್ಕು ತಿಂಗಳು ಯೋಗನಿದ್ರೆಯಲ್ಲಿದ್ದ ಶ್ರೀಹರಿಯು ಇಂದು ಎಚ್ಚರಗೊಳ್ಳುವನೆಂಬ ಭಾವನೆಯಿಂದ ನಾವು ತುಳಸೀ ವೃಂದಾವನದ ಬಳಿ ನೆಲ್ಲಿಯ ಕೊಂಬೆಯನ್ನು ನೆಟ್ಟು, ದೀಪಗಳನ್ನು ಸಾಲಾಗಿಟ್ಟು ಪೂಜಿಸುತ್ತೇವೆ. ನಿತ್ಯಜಾಗೃತನಾದ ಪರಮಾತ್ಮನಿಗೆ ನಿದ್ರೆಯೆಲ್ಲಿಯದು? ಎಚ್ಚರಗೊಳ್ಳಬೇಕಾದವರು ನಾವು.

ನಮ್ಮ ಕರಾವಳಿಯ ಕೃಷಿಕನಿಗಂತೂ ಇವು ನಿಜವಾಗಿಯೂ ಎಚ್ಚರದ ದಿನಗಳು. ಮಳೆಗಾಲವು ಹಿಂದೆ ಸರಿದಿದೆ. ಕಾರ್ತಿ ಬೆಳೆಯು ಮನೆ ಸೇರುತ್ತಿದೆ. ತೋಡುಗಳಲ್ಲಿ ನೀರು ಇನ್ನೂ ಹರಿಯುತ್ತಿದೆಯಾದರೂ ದಿನದಿಂದ ದಿನಕ್ಕೆ ಅದರ ಸದ್ದು ಕುಗ್ಗುತ್ತಿದೆ. ಈಗ ಅದನ್ನು ತಡೆದು ನಿಲ್ಲಿಸಿದವನಿಗೆ ಸುಗ್ಗಿ ಬೆಳೆಯುಂಟು. ತಡಮಾಡಿದವನ ಪಾಲಿನ ನೀರು ಕಡಲಿನ ಪಾಲು. ಆದುದರಿಂದ ಈ ಪರ್ವಕಾಲದಲ್ಲಿ ಮನೆಯ ಹಿಂದಿನ ಮಣ್ಣಿನ ಏರಿಯೊಂದನ್ನೇ ವಿಷಯವಾಗಿಟ್ಟುಕೊಂಡು ಶಾಸ್ತ್ರವು ಅಲ್ಲಿ ನಮಗೆ ಏನನ್ನು ಬೋಧಿಸುತ್ತದೆಯೆಂಬುದನ್ನು ವಿಚಾರಮಾಡೋಣ.

ಸಾಲಿಗ್ರಾಮದ ಸೀಮೆಯನ್ನು ಬಲ್ಲವರಿಗೆ ಇಲ್ಲಿಯ ನೀರಿನ ವೈಚಿತ್ರ್ಯವನ್ನು ವಿವರಿಸಬೇಕಾಗಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದು, ಇಳಿಜಾರಾದ ನೆಲದ ಮೇಲೆ ಓಡಿ, ಸಮುದ್ರವನ್ನು ಸೇರಿಬಿಡುತ್ತದೆ. ಅಷ್ಟೊಂದು ನೀರನ್ನು ಕಂಡ ಊರಿನಲ್ಲಿಯೇ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾವಿಗಳು ತಳ ಕಾಣುತ್ತವೆ. ಪಡುವಲಲ್ಲಿ ಕಡಲು, ಪಾರಂಪಳ್ಳಿಯ ಕಡೆಗೆ ಸೀತಾ ನದಿಯ ಹಿನ್ನೀರು. ಭರತದ ಕಾಲದಲ್ಲಿ ಉಪ್ಪುನೀರು ಒಳನಾಡಿನತ್ತ ಏರಿಬರುತ್ತದೆ. ಸಿಹಿನೀರಿನ ಒತ್ತಡವು ಕುಗ್ಗಿದಷ್ಟೂ ಉಪ್ಪಿನ ಆಕ್ರಮಣವು ಹೆಚ್ಚುತ್ತದೆ. ಹೀಗೆ ಇಲ್ಲಿಯ ಏರಿಗೆ ಎರಡು ಕೆಲಸಗಳು. ಸಿಹಿಯನ್ನು ಹೋಗಗೊಡದಂತೆ ಹಿಡಿಯುವುದು ಒಂದು. ಉಪ್ಪನ್ನು ಒಳಗೆ ಬರಗೊಡದಂತೆ ತಡೆಯುವುದು ಇನ್ನೊಂದು.

ಈ ಕೆಲಸಕ್ಕೆಂದೇ ನಮ್ಮ ಹಿರಿಯರು ಎರಡು ಬಗೆಯ ಮಣ್ಣಿನ ಕಟ್ಟೋಣಗಳನ್ನು ಬಳಕೆಗೆ ತಂದಿದ್ದರು. ಮೊದಲನೆಯದು ಕಟ್ಟ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆಮರದ ತುಂಡು, ಸೊಪ್ಪುಸದೆಗಳಿಂದ ಅದನ್ನು ಕಟ್ಟುತ್ತಾರೆ. ಬೇಸಗೆಯಿಡೀ ನೀರು ಕೊಟ್ಟು, ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ. ಮರುವರ್ಷ ಮತ್ತೆ ಕಟ್ಟಬೇಕು. ಕಾಸರಗೋಡಿನ ಏತಡ್ಕದ ಕನ್ನಡ ಕೃಷಿಕರು ಇಂಥ ಕಟ್ಟಗಳನ್ನು ವರ್ಷವರ್ಷವೂ ಕಟ್ಟಿ ಹೆಸರಾಗಿದ್ದಾರೆ. ಎರಡನೆಯದು ಮದಗ. ಗುಡ್ಡದ ತಪ್ಪಲಿನಲ್ಲಿ, ಬೈಲಿನ ತಲೆಯಲ್ಲಿ, ನೆಲವೇ ಮೂರು ಕಡೆ ಏರಾಗಿರುವ ಸ್ಥಳವನ್ನು ನೋಡಿ ನಾಲ್ಕನೆಯ ಕಡೆಗೆ ಮಣ್ಣಿನ ಏರಿಯನ್ನು ಹಾಕಿ ಮಳೆನೀರನ್ನು ನಿಲ್ಲಿಸುವುದು. ಇವುಗಳಲ್ಲಿ ಎಷ್ಟೋ ಅರಸರು ಕಟ್ಟಿಸಿದವಲ್ಲ. ಒಂದೊಂದು ಮನೆಯವರು ತಮ್ಮ ಸ್ವಂತ ವರ್ಗದ ಭೂಮಿಯಲ್ಲಿ ಹಾಕಿಸಿಕೊಂಡವು. ಆದರೆ ಅವುಗಳ ಉಪಕಾರವು ಆ ಮನೆಯ ಅಂಗಳದಲ್ಲಿಯೇ ನಿಲ್ಲುತ್ತಿರಲಿಲ್ಲ. ನಿಂತ ನೀರು ನೆಲದೊಳಗೆ ಇಳಿದು ಕೆಳಗಿನ ಹತ್ತು ಮನೆಗಳ ಬಾವಿಯಲ್ಲಿ ಒಸರುತ್ತಿತ್ತು.

ಇಂಥ ಏರಿಯ ಗುಣದೋಷಗಳನ್ನು ಬಲ್ಲ ಹಳಬರು ಮೂರು ಸಂಗತಿಗಳನ್ನು ಹೇಳುತ್ತಾರೆ. ಇವು ಮಣ್ಣಿಗೆ ಹೇಗೋ ಮನಸ್ಸಿಗೂ ಹಾಗೆಯೇ ಅನ್ವಯಿಸುವುದರಿಂದ ಸಾವಧಾನದಿಂದ ಕೇಳಬೇಕು.

ಮೊದಲನೆಯದಾಗಿ, ಮಣ್ಣಿನ ಏರಿಯು ಸ್ವಲ್ಪ ಜಿನುಗುವುದು ಸಹಜ; ಅದಕ್ಕೆ ಗಾಬರಿಪಡಬೇಕಾಗಿಲ್ಲ. ಆದರೆ ಜಿನುಗುವ ನೀರು ತಿಳಿಯಾಗಿದೆಯೋ ಕದಡಿದೆಯೋ ಎಂಬುದನ್ನು ನಿತ್ಯವೂ ನೋಡುತ್ತಿರಬೇಕು. ಕದಡಿದ ನೀರು ಬಂದಿತೆಂದರೆ ಅದು ಏರಿಯ ಒಳಗಿನ ಮಣ್ಣನ್ನೇ ಕೊರೆದು ತರುತ್ತಿದೆಯೆಂದು ಅರ್ಥ. ಎರಡನೆಯದಾಗಿ, ಏಡಿಯ ಬಿಲ, ಹೆಗ್ಗಣದ ಬಿಲ, ಏರಿಯ ಮೇಲೆ ತಾನಾಗಿ ಹುಟ್ಟಿದ ಮರದ ಬೇರು, ಇವನ್ನು ಸಣ್ಣವೆಂದು ಬಿಡಬಾರದು. ಇಂದು ಬೆರಳು ತೂರುವ ಬಿಲದಲ್ಲಿ ನಾಳೆ ತೋಳು ತೂರುತ್ತದೆ, ನಾಡಿದ್ದು ಕೆರೆಯೇ ತೂರುತ್ತದೆ. ಮೂರನೆಯದಾಗಿ, ಕೋಡಿಯಿಲ್ಲದ ಏರಿಯು ಉಳಿಯದು. ಹೆಚ್ಚಾದ ನೀರು ಸುಖವಾಗಿ ಹೊರಗೆ ಹೋಗಲು ಗಟ್ಟಿಯಾದ ದಾರಿಯಿರಬೇಕು. ಆ ದಾರಿಯನ್ನು ಮುಚ್ಚಿ ನೀರೆಲ್ಲವೂ ತನಗೇ ಇರಲೆಂದು ಹಿಡಿದಿಟ್ಟರೆ, ಅದು ಏರಿಯ ತಲೆಯ ಮೇಲೆ ಹರಿಯತೊಡಗುತ್ತದೆ. ಕಲ್ಲಿನ ಕಟ್ಟೆಯಾದರೆ ತಡೆದೀತು. ಮಣ್ಣಿನ ಏರಿಯು ಒಮ್ಮೆ ತಲೆಯ ಮೇಲೆ ನೀರು ಹರಿದರೆ ಗಳಿಗೆಗಳಲ್ಲಿ ಕರಗಿಹೋಗುತ್ತದೆ. ಸಂಪಾದಿಸಿದ ಧನಕ್ಕೆ ದಾನವೇ ರಕ್ಷಣೆ, ತುಂಬಿದ ಕೆರೆಗೆ ಕೋಡಿಯು ಹೇಗೋ ಹಾಗೆ, ಎಂಬ ಅಭಿಪ್ರಾಯವನ್ನು ಪ್ರಾಚೀನ ಸುಭಾಷಿತಕಾರರು ಹೇಳಿರುವುದು ಈ ಅನುಭವದಿಂದಲೇ.

ಇನ್ನು ಶಾಸ್ತ್ರದ ಕಡೆಗೆ ಬರೋಣ. ಯಜ್ಞಯಾಗಾದಿಗಳು ಇಷ್ಟವೆನಿಸಿದರೆ, ಬಾವಿ, ಕೆರೆ, ತೋಪು, ಅನ್ನದಾನಗಳು ಪೂರ್ತವೆನಿಸುತ್ತವೆ. ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ್ದಾರೆ. ಮಗನು ವಂಶವನ್ನು ಹೇಗೆ ಮುಂದುವರಿಸುವನೋ ಹಾಗೆ ಕೆರೆಯು ಕಟ್ಟಿಸಿದವನ ಪುಣ್ಯವನ್ನು ಮುಂದುವರಿಸುತ್ತದೆ. ಕೆರೆಯನ್ನು ಒಡೆದವನಿಗೆ ಮನುಸ್ಮೃತಿಯು ವಧದಂಡವನ್ನೇ ವಿಧಿಸಿ, ಅವನು ಅದನ್ನು ಮರಳಿ ಸರಿಪಡಿಸಿದರೆ ಮಾತ್ರ ಅದರ ಬದಲಾಗಿ ಉತ್ತಮ ಸಾಹಸವೆಂಬ ದೊಡ್ಡ ದಂಡವನ್ನು ಹೇಳುತ್ತದೆ. ಅಂದರೆ ಏರಿಯನ್ನು ಮರಳಿ ಕಟ್ಟುವ ಕಾರ್ಯಕ್ಕೆ ಒಂದು ಪ್ರಾಣದ ಬೆಲೆಯನ್ನು ಧರ್ಮಶಾಸ್ತ್ರವು ಕಟ್ಟಿದೆಯೆಂದಾಯಿತು.

ಏರಿಗಾಗಿ ಪ್ರಾಣವನ್ನೇ ಒಡ್ಡಿದ ಒಬ್ಬ ಶಿಷ್ಯನ ಕಥೆಯನ್ನು ಮಹಾಭಾರತದ ಆದಿಪರ್ವದಲ್ಲಿ ವೇದವ್ಯಾಸದೇವರು ನಿರೂಪಿಸಿದ್ದಾರೆ. ಆಯೋದ ಧೌಮ್ಯರೆಂಬ ಗುರುಗಳಿಗೆ ಉಪಮನ್ಯು, ಆರುಣಿ, ವೇದ ಎಂಬ ಮೂವರು ಶಿಷ್ಯರು. ಒಂದು ದಿನ ಗುರುಗಳು ಪಾಂಚಾಲದೇಶದವನಾದ ಆರುಣಿಯನ್ನು ಕರೆದು, ಗದ್ದೆಯ ಒಡ್ಡು ಒಡೆದಿದೆ, ಹೋಗಿ ಕಟ್ಟು ಎಂದು ಆಜ್ಞಾಪಿಸಿದರು. ಆರುಣಿಯು ಹೋಗಿ ಮಣ್ಣು ಹಾಕಿದನು, ನಿಲ್ಲಲಿಲ್ಲ. ಬೇರೆ ಉಪಾಯಗಳೆಲ್ಲ ವಿಫಲವಾದ ಮೇಲೆ ತಾನೇ ಆ ಒಡಕಿನಲ್ಲಿ ಅಡ್ಡಲಾಗಿ ಮಲಗಿದನು. ನೀರು ನಿಂತಿತು. ಹೊತ್ತು ಕಳೆದರೂ ಶಿಷ್ಯನು ಹಿಂದಿರುಗದಿದ್ದಾಗ ಗುರುಗಳು ಉಳಿದವರೊಡನೆ ಗದ್ದೆಗೆ ಬಂದು ಹೆಸರು ಹಿಡಿದು ಕೂಗಿದರು. ಗುರುವಿನ ದನಿಯನ್ನು ಕೇಳಿ ಆರುಣಿಯು ಎದ್ದು ಬಂದು ಕೈಮುಗಿದನು. ಅವನು ಎದ್ದಾಗ ಒಡ್ಡು ಸೀಳಿತಾದುದರಿಂದ ಉದ್ದಾಲಕನೆಂಬ ಹೆಸರಾಯಿತು. ಸಕಲ ವೇದಗಳೂ ಧರ್ಮಶಾಸ್ತ್ರಗಳೂ ನಿನಗೆ ಸ್ಫುರಿಸಲೆಂದು ಗುರುಗಳು ಅನುಗ್ರಹಿಸಿದರು.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದುದೊಂದಿದೆ. ಆ ಗದ್ದೆ ಆರುಣಿಯದಲ್ಲ. ಆ ನೀರು ಅವನದಲ್ಲ. ಬೆಳೆದ ಧಾನ್ಯವು ಅವನ ಕಣಜಕ್ಕೆ ಬರುವುದೂ ಇಲ್ಲ. ಆದರೂ ಒಡಕನ್ನು ಕಂಡಾಗ ಇದು ಯಾರ ಏರಿ ಎಂದು ಅವನು ಕೇಳಲಿಲ್ಲ. ಗುರುವಿನ ಅಪ್ಪಣೆಯೊಂದೇ ಅವನಿಗೆ ಸಾಕಾಯಿತು.

ಈ ಉದ್ದಾಲಕ ಆರುಣಿಯ ಹೆಸರನ್ನೇ ನಾವು ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಕೇಳುತ್ತೇವೆ. ಓದಿ ಬಂದ ಅಹಂಕಾರದಿಂದ ಬೀಗಿದ್ದ ಮಗ ಶ್ವೇತಕೇತುವಿಗೆ ಅಲ್ಲಿ ಉದ್ದಾಲಕನು ಒಂಬತ್ತು ಬಾರಿ ಉಪದೇಶಿಸುತ್ತಾನೆ. ಅವನು ಕೊಡುವ ದೃಷ್ಟಾಂತಗಳಲ್ಲಿ ಹಗ್ಗಕ್ಕೆ ಕಟ್ಟಿದ ಹಕ್ಕಿಯಿದೆ, ಸಮುದ್ರವನ್ನು ಸೇರುವ ನದಿಗಳಿವೆ, ನೀರಿನಲ್ಲಿ ಹಾಕಿದ ಉಪ್ಪಿದೆ. ಶ್ರೀಮದಾಚಾರ್ಯರು ಆ ಪ್ರಸಿದ್ಧ ವಾಕ್ಯವನ್ನು, ನೀನು ಅವನಲ್ಲ ಎಂಬ ಅರ್ಥ ಬರುವಂತೆ ಪದವಿಭಾಗ ಮಾಡಿ, ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ಸಾರುತ್ತವೆಯೆಂದು ನಿರ್ಣಯಿಸಿದ್ದಾರೆ. ನದಿಯು ಕಡಲನ್ನು ಸೇರಿದ ಮಾತ್ರಕ್ಕೆ ನದಿಯೇ ಕಡಲಾಗಲಿಲ್ಲ. ಉಪ್ಪು ಕಣ್ಣಿಗೆ ಕಾಣದಿದ್ದರೂ ನೀರು ಬೇರೆ, ಉಪ್ಪು ಬೇರೆ. ಹಿನ್ನೀರಿನ ಅಂಚಿನಲ್ಲಿ ಗದ್ದೆ ಮಾಡಿದ ಸಾಲಿಗ್ರಾಮದ ಕೃಷಿಕನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ಉಪ್ಪು ಬೆರೆತ ನೀರಿನ ಗುಣವನ್ನು ಅವನ ನೇಜಿಯೇ ಅವನಿಗೆ ತೋರಿಸಿಕೊಡುತ್ತದೆ.

ಉಪನಿಷತ್ತುಗಳು ಪರಮಾತ್ಮನನ್ನೇ ಸೇತುವೆಂದು ಕರೆದಿವೆ. ಇಂದು ನಾವು ಸೇತುವೆಯೆಂದರೆ ದಾಟುವ ಸಂಕವೆಂದು ಮಾತ್ರ ತಿಳಿಯುತ್ತೇವೆ. ಆದರೆ ಸೇತು ಶಬ್ದಕ್ಕೆ ಗದ್ದೆಯ ಒಡ್ಡು, ನೀರಿನ ಕಟ್ಟೆ ಎಂಬ ಅರ್ಥವೂ ಪ್ರಾಚೀನವಾದುದೇ. ಲೋಕಗಳು ಒಂದರೊಳಗೊಂದು ಕಲಸಿಹೋಗದಂತೆ ಧರಿಸಿ ನಿಂತ ಒಡ್ಡು ಶ್ರೀಹರಿಯೆಂಬುದು ಬೃಹದಾರಣ್ಯಕದ ತಾತ್ಪರ್ಯ. ಸೂರ್ಯನು ತನ್ನ ದಾರಿಯಲ್ಲಿ, ಕಡಲು ತನ್ನ ಮೇರೆಯಲ್ಲಿ, ಜೀವರು ತಮ್ಮ ತಮ್ಮ ಯೋಗ್ಯತೆಯಲ್ಲಿ ನಿಂತಿರುವುದು ಆ ಒಡ್ಡಿನ ಬಲದಿಂದ. ಪಂಚಭೇದಗಳು ನಿತ್ಯವಾಗಿ ನಿಂತಿರುವುದೂ ಅವನ ಅಧೀನದಲ್ಲಿಯೇ. ಆ ದೊಡ್ಡ ಒಡ್ಡಿನ ಒಂದು ಪ್ರತೀಕವು ನಮ್ಮ ಹಿತ್ತಿಲಿನ ಏರಿ.

ಆದರೆ ಈ ಪ್ರತೀಕವನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಇಲ್ಲಿಯೇ ನಮ್ಮ ಕಾಲದ ಸಂಕಟವಿರುವುದು.

ಹಿಂದೆ ಬೈಲಿನ ತಲೆಯಲ್ಲಿದ್ದ ಮನೆಯವನೇ ಬಹುಶಃ ಕೆಳಗಿನ ಗದ್ದೆಗಳಿಗೂ ಧಣಿಯಾಗಿರುತ್ತಿದ್ದನು. ಗೇಣಿಯ ಒಕ್ಕಲುಗಳೆಲ್ಲ ಸೇರಿ ಏರಿಗೆ ಮಣ್ಣು ಹಾಕುತ್ತಿದ್ದರು. ಅವರ ಗದ್ದೆಗೆ ನೀರು ಹೋಗುತ್ತಿತ್ತು. ಅಲ್ಲಿ ಅನ್ಯಾಯವಿರಲಿಲ್ಲವೆಂದು ಯಾರೂ ಹೇಳಲಾರರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದು ಉಳುವವನಿಗೆ ಭೂಮಿಯ ಒಡೆತನ ದೊರೆಯಿತು. ಅದು ಆಗಬೇಕಾದ ಕಾರ್ಯವೇ. ಆದರೆ ಗದ್ದೆಗಳು ಹಂಚಿಹೋದಾಗ ಏರಿಯ ಹೊಣೆ ಯಾರದೆಂಬುದು ಎಷ್ಟೋ ಕಡೆ ಇತ್ಯರ್ಥವಾಗದೆ ಉಳಿಯಿತು. ಮದಗವು ಒಬ್ಬನ ವರ್ಗದಲ್ಲಿ, ಅದರ ನೀರುಂಡ ಗದ್ದೆಗಳು ಹತ್ತು ಮಂದಿಯ ಹೆಸರಿನಲ್ಲಿ.

ಮುಂದೆ ಏನಾಗುತ್ತದೆಯೆಂಬುದನ್ನು ಒಂದು ದೃಷ್ಟಾಂತದಿಂದ ನೋಡೋಣ. ಮಕರ ಮಾಸದಲ್ಲಿ ಕೆಳಗಿನ ಗದ್ದೆಯ ಮುದುಕನೊಬ್ಬನು ಮೇಲಿನ ಮನೆಯ ಅಂಗಳಕ್ಕೆ ಬರುತ್ತಾನೆ.

“ಒಡೆಯರೇ, ಎಂಟು ದಿವಸಕ್ಕೊಮ್ಮೆ ತೂಬು ತೆಗೆದರೆ ಸಾಕು. ನಮ್ಮ ಸುಗ್ಗಿ ಗದ್ದೆ ಉಳಿಯುತ್ತದೆ.”

“ಏರಿಗೆ ಮಣ್ಣು ಹಾಕುವಾಗ ನೀನು ಬರಲಿಲ್ಲವಲ್ಲ ಮಾರಾಯ. ಈಗ ನೀರಿಗೆ ಬಂದೆಯಾ?”

“ಕರೆದಿದ್ದರೆ ಬರುತ್ತಿರಲಿಲ್ಲವೇ ಒಡೆಯರೇ?”

ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ನನ್ನ ಭೂಮಿ, ನನ್ನ ಖರ್ಚು, ನೀರು ಏಕೆ ಬಿಡಬೇಕೆಂದು ಮೇಲಿನವನು. ಅವರ ಏರಿ, ನಾವೇಕೆ ಮಣ್ಣು ಹೊರಬೇಕೆಂದು ಕೆಳಗಿನವನು. ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಸರಿ. ಧರ್ಮದ ಪುಸ್ತಕದಲ್ಲಿ ಇಬ್ಬರೂ ತಪ್ಪು. ಈ ವಾದವು ತೀರುವವರೆಗೆ ಹೆಗ್ಗಣವು ಕಾಯುವುದಿಲ್ಲ. ಆಷಾಢದ ಒಂದು ರಾತ್ರಿ ಏರಿ ಒಡೆದರೆ ಮೇಲಿನವನ ಮದಗವೂ ಬರಿದು, ಕೆಳಗಿನವನ ನೇಜಿಯೂ ಮರಳಿನಡಿ. ಬಳಿಕ ಇಬ್ಬರೂ ಬೇರೆ ಬೇರೆಯಾಗಿ ಬಾವಿಗೆ ಪಂಪುಗಳನ್ನು ಹಾಕಿಸುತ್ತಾರೆ. ಕಡಲ ಬದಿಯ ನೆಲದಲ್ಲಿ ಮಿತಿಮೀರಿ ನೀರೆತ್ತಿದರೆ ಬಾವಿಗೆ ಉಪ್ಪು ನುಗ್ಗುತ್ತದೆ. ಕೊನೆಗೆ ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಹೋಗುತ್ತಾರೆ. ಗದ್ದೆ ಹಡಿಲು ಬೀಳುತ್ತದೆ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನವೆಂಬ ಹೆಸರಿನ ಟ್ರಸ್ಟನ್ನು ರಚಿಸಿಕೊಂಡು ಹಡಿಲು ಭೂಮಿಯನ್ನು ಮತ್ತೆ ಉಳುವ ಆಂದೋಲನವನ್ನೇ ಕೈಗೊಳ್ಳಬೇಕಾಯಿತೆಂದರೆ ರೋಗವು ಎಷ್ಟು ಹರಡಿತ್ತೆಂಬುದನ್ನು ಊಹಿಸಬಹುದು. ಕೇದಾರವೆಂದರೆ ಗದ್ದೆ, ಆರುಣಿಯು ಮಲಗಿದ್ದೂ ಕೇದಾರದ ಒಡಕಿನಲ್ಲಿಯೇ.

ಆ ಮುದುಕನ ಬಾಯಿಂದ ಬಂದ ಒಡೆಯನೆಂಬ ಮಾತನ್ನು ವಿಮರ್ಶಿಸೋಣ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವು ಎರಡು ಬಗೆ, ಸ್ವತಂತ್ರ ಮತ್ತು ಅಸ್ವತಂತ್ರ ಎಂದು ವಿಭಾಗಿಸಿ, ಭಗವಾನ್ ವಿಷ್ಣುವೊಬ್ಬನೇ ಸ್ವತಂತ್ರನೆಂದು ಸ್ಥಾಪಿಸಿದ್ದಾರೆ. ಮಿಕ್ಕುದೆಲ್ಲವೂ ಅವನ ಅಧೀನ. ಹೀಗಿರಲು ಮೋಡವನ್ನು ತರಿಸಿದವನಾರು? ನೆಲಕ್ಕೆ ಇಳಿಜಾರನ್ನು ಕೊಟ್ಟವನಾರು? ಮಣ್ಣಿಗೆ ನೀರನ್ನು ಹಿಡಿಯುವ ಜಿಗುಟನ್ನು ಇಟ್ಟವನಾರು? ಏರಿಗೆ ನಾಲ್ಕು ಬುಟ್ಟಿ ಮಣ್ಣು ಹಾಕಿಸಿದವನು ನೀರಿಗೂ ತಾನೇ ಒಡೆಯನೆಂದುಕೊಳ್ಳುವುದು, ದೇವಸ್ಥಾನದ ಬಾಗಿಲ ಬೀಗದ ಕೈಯನ್ನು ಹಿಡಿದವನು ದೇವರಿಗೂ ತಾನೇ ಒಡೆಯನೆಂದುಕೊಂಡಂತೆ. ಲೌಕಿಕ ಕಾನೂನು ಕೂಡ ಇದಕ್ಕೆ ದೂರವಾಗಿಲ್ಲ. ಖಾಸಗಿ ಸ್ವತ್ತಲ್ಲದ ನದಿ, ತೋಡು, ಕೆರೆ ಮತ್ತು ಹರಿಯುವ ನೀರುಗಳು ಸರಕಾರಕ್ಕೆ ಸೇರಿದವೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯು ಹೇಳುತ್ತದೆ. ಜಗತ್ತೆಲ್ಲವೂ ಈಶನ ವಾಸಕ್ಕೆ ತಕ್ಕುದು, ಅವನು ಕೊಟ್ಟುದನ್ನು ಮಾತ್ರ ಅನುಭವಿಸು, ಅನ್ಯರ ಸೊತ್ತಿಗೆ ಆಸೆಪಡಬೇಡ ಎಂಬ ಈಶಾವಾಸ್ಯದ ಆಚಾರ್ಯಸಮ್ಮತವಾದ ಅರ್ಥವು ತೂಬಿನ ಬಾಯಿಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಶ್ಲೇಷವಿದೆ. ‘ಒಡೆಯನು’ ಎಂದರೆ ಸ್ವಾಮಿ. ಅದೇ ಪದಕ್ಕೆ ‘ಮುರಿಯನು’ ಎಂಬ ಅರ್ಥವೂ ಆಗುತ್ತದೆ. ಏರಿಯನ್ನೂ ನೆರೆಹೊರೆಯ ಮನಸ್ಸನ್ನೂ ಒಡೆಯದವನೇ ಒಡೆಯನೆನಿಸಲು ಯೋಗ್ಯನು.

ಹಾಗೆಂದು ಒಡೆತನವು ಸುಳ್ಳೆಂದು ಯಾರೂ ಭಾವಿಸಬಾರದು. ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ; ಏರಿಯೂ ಸತ್ಯ, ಪಹಣಿಯಲ್ಲಿರುವ ಹೆಸರೂ ಸತ್ಯ. ಆದರೆ ಅದು ಪರಾಧೀನವಾದ ಒಡೆತನ. ಸ್ವಾಮಿಯು ಒಪ್ಪಿಸಿದ ಕಾವಲಿನ ಕೆಲಸ. ಕಾವಲುಗಾರನಿಗೆ ಕೂಲಿಯುಂಟು, ಗೌರವವುಂಟು; ಕೆಲಸ ಕೆಟ್ಟರೆ ಕೇಳುವವನೂ ಉಂಟು.

ಈ ಕೆಲಸವನ್ನು ಮಾಡಿಸುವ ಕ್ರಮವನ್ನೂ ಆಚಾರ್ಯರ ಚರಿತ್ರೆಯೇ ತೋರಿಸುತ್ತದೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಈಶ್ವರದೇವನೆಂಬ ಅರಸನ ಪ್ರಸಂಗವು ಬರುತ್ತದೆ. ಅವನು ನೆಲವನ್ನು ಅಗೆಸುತ್ತಿದ್ದನು. ಕೆರೆಗಾಗಿ ಎಂದು ನಮ್ಮಲ್ಲಿ ಹೇಳುವ ವಾಡಿಕೆ. ದಾರಿಹೋಕರನ್ನೆಲ್ಲ ಹಿಡಿದು ಬಲಾತ್ಕಾರದಿಂದ ಅಗೆಸುವುದು ಅವನ ಪದ್ಧತಿ. ಬದರೀಯಾತ್ರೆಯ ದಾರಿಯಲ್ಲಿ ಅಲ್ಲಿಗೆ ಬಂದ ಶ್ರೀಮದಾಚಾರ್ಯರಿಗೂ ಅಗೆಯಲು ಹೇಳಿದನು. ಆಚಾರ್ಯರು ಕೋಪಿಸಲಿಲ್ಲ, ನಮಗೆ ತಿಳಿಯದು, ಹೇಗೆಂದು ನೀನೇ ತೋರಿಸಿಕೊಡು ಎಂದರು. ತೋರಿಸಲು ತೊಡಗಿದ ಅರಸನು ಅಗೆಯುತ್ತಲೇ ಇದ್ದನು, ನಿಲ್ಲಿಸಲು ಅವನಿಂದಾಗಲಿಲ್ಲ. ಆಚಾರ್ಯರು ಮುಂದೆ ನಡೆದರು. ಇದರಿಂದ ತಿಳಿಯಬೇಕಾದುದೇನು? ದಡದ ಮೇಲೆ ನಿಂತು ಇತರರ ಬೆವರಿನಿಂದ ಕಟ್ಟಿಸಿದುದು ಪೂರ್ತಧರ್ಮವಾಗಲಾರದು. ಒಡೆಯನೆನಿಸಿದವನೇ ಮೊದಲು ಗುದ್ದಲಿಯನ್ನು ಹಿಡಿಯಬೇಕು. ಅವನು ಹಿಡಿದರೆ ಕರೆಯದೆಯೇ ಹತ್ತು ಕೈಗಳು ಸೇರುತ್ತವೆ.

ಆದುದರಿಂದ ಈ ಕಾರ್ತಿಕದಲ್ಲಿ ಮೂರು ನಿಯಮಗಳನ್ನು ವ್ರತದಂತೆ ಸ್ವೀಕರಿಸೋಣ. ತುಳಸೀಪೂಜೆಯ ಮರುದಿನವೇ ಮನೆಯ ಯಜಮಾನನು ಸ್ವತಃ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬಿಲ, ಬೇರು, ಒಸರುಗಳನ್ನು ನೋಡಲಿ. ಎರಡನೆಯದಾಗಿ, ಕೋಡಿಯನ್ನು ಶುಚಿಗೊಳಿಸಿ, ತೂಬಿನ ನೀರಿಗೆ ದಿನಗಳನ್ನು ಗೊತ್ತುಪಡಿಸಲಿ. ಬೈಲಿನ ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿತೆಂಬುದನ್ನು ಕೇಳಿ ತಿಳಿಯದೆ ತಾನು ಸುಗ್ಗಿಯ ಹೊಸಅಕ್ಕಿಯನ್ನು ದೇವರಿಗೆ ನಿವೇದಿಸದಿರಲಿ. ಮೂರನೆಯದಾಗಿ, ಕೆಳಗಿನ ಗದ್ದೆಯವರು ಕರೆಗಾಗಿ ಕಾಯದೆ ವರ್ಷಕ್ಕೆ ಒಂದು ದಿನವಾದರೂ ಬುಟ್ಟಿ ಹಿಡಿದು ಬರಲಿ. ಪರಊರಿನಲ್ಲಿ ಹೋಟೆಲು, ಉದ್ಯೋಗಗಳಲ್ಲಿರುವವರು, ದೇವರ ದೀಪಕ್ಕೆ ಎಣ್ಣೆಯ ಹಣವನ್ನು ಕಳುಹಿಸುವಂತೆ ಮನೆಯ ಮದಗದ ದುರಸ್ತಿಗೂ ಒಂದು ಪಾಲನ್ನು ಕಳುಹಿಸಲಿ. ಅದೂ ಸೇವೆಯೇ.

ಸಾಲಿಗ್ರಾಮದಲ್ಲಿ ನೆಲೆಸಿರುವ ಶ್ರೀ ಗುರುನರಸಿಂಹನು ಹದಿನಾಲ್ಕು ಗ್ರಾಮಗಳ ಕೂಟಸ್ಥರಿಗೆ ಗುರುವೂ ದೈವವೂ ಆದವನು. ಮಾಧ್ವರಾದ ನಮಗೂ ನಮಸ್ಕಾರ್ಯನು. ಶಂಖಚಕ್ರಗಳನ್ನು ಧರಿಸಿದ ದ್ವಿಭುಜನಾದ ಆ ಯೋಗಮೂರ್ತಿಯ ಉಗ್ರದೃಷ್ಟಿಗೆ ಎದುರಿನ ಹೊಲಗದ್ದೆಗಳ ಪೈರು ಒಣಗುತ್ತಿತ್ತೆಂದೂ, ಆಗ ಅವನ ಎದುರಿನಲ್ಲಿ ಆಂಜನೇಯನನ್ನು ಪ್ರತಿಷ್ಠಿಸಿದ ಬಳಿಕ ಶಾಂತಿಯಾಯಿತೆಂದೂ ಐತಿಹ್ಯವಿದೆ. ಸ್ವಾಮಿಯ ತೇಜಸ್ಸಿಗೂ ಬಡವನ ಪೈರಿಗೂ ನಡುವೆ ನಿಂತ ಒಡ್ಡು ಮುಖ್ಯಪ್ರಾಣನು. ಲಂಕೆಗೆ ಸೇತುವನ್ನು ಕಟ್ಟಿದ ಕಪಿಸೈನ್ಯದ ಮುಂದಾಳು, ಸ್ವಾಮಿಯ ಎದುರಿನಲ್ಲಿ ಇಂದಿಗೂ ನಿಂತಿದ್ದಾನೆ. ಇಷ್ಟು ಬಲವುಳ್ಳವನೇ ದಾಸನೆನಿಸಿಕೊಂಡು ಕಾಯುತ್ತಿರುವಾಗ, ಒಂದು ಮಣ್ಣಿನ ಏರಿಗೆ ಹೆಸರು ಬರೆಸಿಕೊಂಡ ನಾವು ದಾಸರೆನಿಸಿಕೊಳ್ಳಲು ನಾಚಬೇಕೇ?

ತೂಬನ್ನು ತೆರೆಯುವಾಗ ‘ಇದು ನಿನ್ನದು, ನಿನ್ನವರಿಗೆ’ ಎಂದು ಮನಸ್ಸಿನಲ್ಲಿ ನೆನೆಯೋಣ. ಆ ನೀರು ಹರಿದಲ್ಲೆಲ್ಲ ಬೆಳೆಯುವ ಪೈರು ಅವನ ಪೂಜೆಯ ತುಳಸಿಯೇ ಆದೀತು.

॥ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥